ದ್ವೀಪ ಮುಳುಗಿದರೆ ಅದರ ಸುತ್ತಲಿನ ಸಮುದ್ರ ಯಾರದ್ದು?

ದಾವಣಗೆರೆಯಲ್ಲಿ ಕೆಎಎಸ್, ಎಫ್‌ಡಿಎ ಪರೀಕ್ಷೆಗೆ ಓದುವ ಮಕ್ಕಳಿಗೆ ನಾನು ಬಿಡುವಿದ್ದಾಗ ಒಂದಿಷ್ಟು ಪಾಠ ಹೇಳುತ್ತೇನೆ. ಸಮುದ್ರ ಕಾನೂನು ಅಂದ ಕೂಡಲೇ ಅರ್ಧ ಜನಕ್ಕೆ ಆಕಳಿಕೆ ಶುರು. ತಪ್ಪೇನಿಲ್ಲ ಬಿಡಿ. ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅನ್ನೋದೇ ದೊಡ್ಡ ಚಿಂತೆಯಾಗಿರುವ ಊರಲ್ಲಿ ಪೆಸಿಫಿಕ್ ಸಾಗರದ ತಕರಾರು ಯಾರಿಗೆ ಬೇಕು? ಆದರೆ ಮೊನ್ನೆ ಜಗಳೂರಿನ ಒಬ್ಬ ಹುಡುಗಿ ಕೇಳಿದಳು: "ಸರ್, ದಡ ಇದ್ದವರಿಗೆ ಮಾತ್ರ ಸಮುದ್ರ ಅಂತ ಹೇಳಿದ್ರಿ. ದಡನೇ ಮುಳುಗಿಹೋದ್ರೆ?" ಕಳೆದ ಕೆಲವು ವರ್ಷಗಳಿಂದ ಅಂತರರಾಷ್ಟ್ರೀಯ ನ್ಯಾಯಾಲಯಗಳು ತಲೆಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ. ಸಮುದ್ರ, ಹವಾಮಾನ, ಗಡಿ ಜಗಳ ಮೂರೂ ಬಂದು ಸೇರುವುದು ಇಲ್ಲೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹಳೆಯ ಕಥೆ, ಬೇಗ ಮುಗಿಸುತ್ತೇನೆ. ಒಂದು ಕಾಲದಲ್ಲಿ ದಡದಿಂದ ಮೂರು ಮೈಲಿ ದೂರದವರೆಗಿನ ನೀರು ಮಾತ್ರ ಆ ದೇಶದ್ದು, ಆಚೆಯದ್ದೆಲ್ಲ ಎಲ್ಲರದ್ದೂ ಎಂಬ ರೂಢಿ ಇತ್ತು. ದಡದ ಫಿರಂಗಿಯ ಗುಂಡು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಯಜಮಾನಿಕೆ ಅನ್ನೋ ಲೆಕ್ಕ ಅದು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ತಮ್ಮ ಕರಾವಳಿಗೆ ಹೊಂದಿಕೊಂಡ ಸಮುದ್ರತಳದ ಎಣ್ಣೆ, ಅನಿಲ ಎಲ್ಲ ತಮ್ಮದೇ ಎಂದು ಘೋಷಿಸಿಬಿಟ್ಟರು. ಆಮೇಲೆ ಒಂದೊಂದೇ ದೇಶ ಬೇಲಿ ಹಾಕಲು ಶುರು ಮಾಡಿತು. 1967ರಲ್ಲಿ ಮಾಲ್ಟಾ ಎಂಬ ಪುಟ್ಟ ದೇಶದ ರಾಯಭಾರಿ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು, ಆಳ ಸಮುದ್ರದ ತಳ ಇಡೀ ಮನುಕುಲದ ಆಸ್ತಿ ಆಗಲಿ ಎಂದರು. ಅಲ್ಲಿಂದ ಶುರುವಾದ ಮಾತುಕತೆ ಎಳೆದಾಡಿಕೊಂಡು ಹೋಗಿ 1982ರ ಡಿಸೆಂಬರ್ 10ರಂದು ಜಮೈಕಾದ ಮಾಂಟೆಗೊ ಬೇಯಲ್ಲಿ ಒಪ್ಪಂದವಾಯಿತು. ಇದೇ ಸಮುದ್ರ ಕಾನೂನು ಒಪ್ಪಂದ, ಪತ್ರಿಕೆಗಳಲ್ಲಿ ಯುಎನ್‌ಕ್ಲಾಸ್ ಅಂತ ಬರುತ್ತದಲ್ಲ ಅದು. ಜಾರಿಗೆ ಬಂದದ್ದು 1994ರಲ್ಲಿ. ಭಾರತ 1995ರಲ್ಲಿ ಅನುಮೋದಿಸಿತು. ಅಮೆರಿಕ ಇವತ್ತಿಗೂ ಸೇರಿಲ್ಲ, ಆದರೆ ಬೇರೆಯವರಿಗೆ ಇದೇ ಒಪ್ಪಂದದ ಪಾಠ ಮಾಡುತ್ತದೆ.

ಈ ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದೂರದವರೆಗೆ ಪ್ರಾದೇಶಿಕ ಸಮುದ್ರ. ಅಲ್ಲಿ ಹೆಚ್ಚುಕಡಿಮೆ ನೆಲದ ಮೇಲಿನಷ್ಟೇ ಅಧಿಕಾರ; ಹೊರಗಿನ ಹಡಗುಗಳು ತೊಂದರೆ ಕೊಡದೆ ಸುಮ್ನೆ ಹಾದುಹೋಗಬಹುದು, ಅಷ್ಟೇ. ನಮ್ಮಲ್ಲಿ ಈ 12 ಮೈಲಿಯೊಳಗಿನ ಮೀನುಗಾರಿಕೆ ರಾಜ್ಯ ಸರ್ಕಾರದ ಕೈಯಲ್ಲಿದೆ, ಆಚೆಯದ್ದು ಕೇಂದ್ರದ್ದು. 24 ಮೈಲಿವರೆಗೆ ಕಸ್ಟಮ್ಸ್‌ನಂಥ ಕೆಲವು ವಿಷಯಗಳಲ್ಲಿ ತಡೆದು ತಪಾಸಣೆ ಮಾಡುವ ಹಕ್ಕು. ಆಮೇಲೆ ಬರುವುದು ಅಸಲಿ ಆಸ್ತಿ: 200 ನಾಟಿಕಲ್ ಮೈಲಿ, ಸುಮಾರು 370 ಕಿಲೋಮೀಟರ್‌ವರೆಗಿನ ವಿಶೇಷ ಆರ್ಥಿಕ ವಲಯ. ಇದು ಎಷ್ಟು ದೂರ ಅಂತ ಅಂದಾಜು ಸಿಗಬೇಕಾದರೆ ನಕ್ಷೆಯಲ್ಲಿ ಭಟ್ಕಳದಿಂದ ಸಮುದ್ರದ ಕಡೆ ಅಳೆಯುವ ಬದಲು ನಮ್ಮ ಕಡೆಗೆ ಅಳೆದು ನೋಡಿ. ದಾವಣಗೆರೆ, ದುರ್ಗ, ಚಳ್ಳಕೆರೆ ಎಲ್ಲ ದಾಟಿ ಆಂಧ್ರದ ಅನಂತಪುರವೂ ಹಿಂದೆ ಬೀಳುತ್ತದೆ. ಅಷ್ಟು ದೂರದ ನೀರಿನಲ್ಲಿರುವ ಮೀನು, ತಳದ ಎಣ್ಣೆ, ಅನಿಲ ಎಲ್ಲ ದಡ ಇರುವ ದೇಶದ್ದು.

ಇಲ್ಲೊಂದು ಮಾತು ನೆನಪಿರಲಿ, ಪರೀಕ್ಷೆಯಲ್ಲೂ ತಪ್ಪುವುದು ಇಲ್ಲೇ. ಆರ್ಥಿಕ ವಲಯ ನಮ್ಮ ದೇಶದ ಭಾಗವಲ್ಲ. ಅಲ್ಲಿನ ಸಂಪತ್ತಿನ ಮೇಲೆ ಮಾತ್ರ ನಮ್ಮ ಹಕ್ಕು, ಹಡಗುಗಳು ಓಡಾಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆಯೊಂದು ಲಕ್ಷದ್ವೀಪದ ಹತ್ತಿರ ಭಾರತದ ಆರ್ಥಿಕ ವಲಯದೊಳಗೆ ಬಂದು, ನಾವು ನಿಮ್ಮ ಅನುಮತಿ ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ ಎಂದು ಬಹಿರಂಗವಾಗಿ ಹೇಳಿಕೊಂಡಿತು. ಅಲ್ಲಿ ಮಿಲಿಟರಿ ಕವಾಯತು ಮಾಡಬೇಕಾದರೆ ನಮ್ಮ ಒಪ್ಪಿಗೆ ಬೇಕು ಅನ್ನೋದು ಭಾರತದ ನಿಲುವು. ಹಾಗಾಗಿ ದೆಹಲಿ ಆಕ್ಷೇಪಣೆ ಸಲ್ಲಿಸಿತು. ಒಪ್ಪಂದದಲ್ಲಿ ಈ ವಿಷಯ ಅಷ್ಟು ಖಚಿತವಾಗಿ ಬರೆದಿಲ್ಲ, ಇಬ್ಬರೂ ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ.

ಈಗ ದ್ವೀಪದ ಲೆಕ್ಕಕ್ಕೆ ಬರೋಣ, ಇದು ನಿಜಕ್ಕೂ ದಂಗುಬಡಿಸುವ ಲೆಕ್ಕ. ನಾಲ್ಕೂ ಕಡೆ ಬರೀ ನೀರಿರುವ, ಅಕ್ಕಪಕ್ಕ ಬೇರೆ ದೇಶವಿಲ್ಲದ ಒಂದು ಸಣ್ಣ ದ್ವೀಪ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಅದರ ಸುತ್ತ 370 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದರೆ 4.3 ಲಕ್ಷ ಚದರ ಕಿಲೋಮೀಟರ್ ಸಮುದ್ರ ಸಿಗುತ್ತದೆ. ಇಡೀ ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರ್. ಅಂದರೆ ಒಂದು ಚುಕ್ಕೆಯಷ್ಟು ನೆಲಕ್ಕೆ ಎರಡು ಕರ್ನಾಟಕಕ್ಕಿಂತ ಜಾಸ್ತಿ ಸಮುದ್ರ! ನಮ್ಮ ಲಕ್ಷದ್ವೀಪದ ಒಟ್ಟು ನೆಲ ಬರೀ 32 ಚದರ ಕಿಲೋಮೀಟರ್, ಅದರಿಂದ ಭಾರತಕ್ಕೆ ಸಿಕ್ಕಿರುವ ಆರ್ಥಿಕ ವಲಯ ಸುಮಾರು 4 ಲಕ್ಷ ಚದರ ಕಿಲೋಮೀಟರ್. ದೇಶದೇಶಗಳು ಬಂಡೆಗಳಿಗೂ ಮರಳು ದಿಬ್ಬಗಳಿಗೂ ಯಾಕೆ ಹೊಡೆದಾಡುತ್ತವೆ ಅಂತ ಈಗ ಗೊತ್ತಾಯಿತಲ್ವಾ?

ಇದೇ ಕಾರಣಕ್ಕೆ ಒಪ್ಪಂದದ 121ನೇ ವಿಧಿಯಲ್ಲಿ ಒಂದು ಕೊಕ್ಕೆ ಇಟ್ಟಿದ್ದಾರೆ. ಜನ ವಾಸ ಮಾಡಲಾಗದ, ತನ್ನದೇ ಆರ್ಥಿಕ ಬದುಕು ಇಲ್ಲದ ಬಂಡೆಗೆ 12 ಮೈಲಿ ಮಾತ್ರ, 200 ಇಲ್ಲ. ದ್ವೀಪ ಅನ್ನಿಸಿಕೊಳ್ಳಬೇಕಾದರೆ ಅದು ಪ್ರಕೃತಿಯೇ ಮಾಡಿದ್ದಾಗಿರಬೇಕು, ಉಬ್ಬರ ಬಂದಾಗಲೂ ನೀರಿನ ಮೇಲೆ ಕಾಣಬೇಕು. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಸಿಕ್ಕಿಬಿದ್ದದ್ದು ಈ ವಿಧಿಯಲ್ಲೇ. ಒಂಬತ್ತು ತುಂಡು ಗೆರೆ ಎಳೆದು ಹೆಚ್ಚುಕಡಿಮೆ ಇಡೀ ಸಮುದ್ರವೇ ತನ್ನದು ಅಂದಿತ್ತು. ಫಿಲಿಪ್ಪೀನ್ಸ್ 2013ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. ಆಮೇಲೆ ಚೀನಾ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ವಿಮಾನ ಇಳಿಯುವಂತೆ ಮಾಡಿತು. 2016ರ ಜುಲೈ 12ರಂದು ತೀರ್ಪು ಬಂತು. ಆ ಗೆರೆಯೊಳಗಿನ ಸಂಪತ್ತಿನ ಮೇಲೆ ಚೀನಾ ಹೇಳುವ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲ, ಅಲ್ಲಿನ ಸ್ಪ್ರಾಟ್ಲಿ ದ್ವೀಪಸಮೂಹದ ಯಾವ ತುಂಡಿಗೂ 200 ಮೈಲಿ ಸಿಗುವುದಿಲ್ಲ, ಎಷ್ಟೇ ಮರಳು ಸುರಿದರೂ ಬಂಡೆ ಬಂಡೆಯೇ. ಚೀನಾ ವಿಚಾರಣೆಗೂ ಬರಲಿಲ್ಲ, ತೀರ್ಪನ್ನೂ ಒಪ್ಪಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನು ಆ ಹುಡುಗಿಯ ಪ್ರಶ್ನೆ. ಈ 12, 24, 200 ಎಲ್ಲ ಅಳೆಯುವುದು ಎಲ್ಲಿಂದ? ಸಮುದ್ರ ಇಳಿತದಲ್ಲಿದ್ದಾಗ ನೀರು ದಡ ಮುಟ್ಟುವ ಗೆರೆಯಿಂದ. ಇದಕ್ಕೆ ಆಧಾರ ರೇಖೆ ಅಂತಾರೆ. ಸಮುದ್ರ ಮೇಲೇರಿದರೆ ಆ ಗೆರೆ ಹಿಂದೆ ಸರಿಯುತ್ತದೆ. ಗೆರೆ ಹಿಂದೆ ಸರಿದರೆ 200 ಮೈಲಿಯ ಹೊರ ಅಂಚೂ ಹಿಂದೆ ಬರಬೇಕಲ್ಲ? ದ್ವೀಪ ಕುಗ್ಗಿ ಬಂಡೆಯಾದರೆ 200 ಹೋಗಿ 12 ಆಗಬೇಕು, ಪೂರ್ತಿ ಮುಳುಗಿದರೆ ಸೊನ್ನೆ. ಬಹಳಷ್ಟು ಪಂಡಿತರು ಮೊದಲಿಂದ ಹೇಳುತ್ತಿದ್ದದ್ದು ಹೀಗೇ. 1982ರಲ್ಲಿ ಕೂತು ಬರೆದವರಿಗೆ ಸಮುದ್ರವೇ ಮೇಲೇರುತ್ತದೆ ಅನ್ನೋ ಯೋಚನೆ ಇರಲಿಲ್ಲ, ದಡ ಅಂದರೆ ಗಟ್ಟಿ ಅಂತಲೇ ನಂಬಿದ್ದರು.

ಹರಿಹರ, ಹೊನ್ನಾಳಿ ಕಡೆ ತುಂಗಭದ್ರೆಯ ದಂಡೆಯಲ್ಲಿ ಜಮೀನು ಇದ್ದವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. ಹೊಳೆ ಬಂದಾಗ ಅಂಚಿನ ಮಣ್ಣು ಕೊರೆದು ಹೋಗುತ್ತದೆ, ಬಾಂದು ಕಲ್ಲೂ ಹೋಗುತ್ತದೆ, ಪಹಣಿಯಲ್ಲಿ ಮಾತ್ರ ಎಕರೆ, ಗುಂಟೆ ಹಾಗೇ ಇರುತ್ತದೆ. ಪಹಣಿ ನಂಬಬೇಕೋ, ಹೊಳೆ ನಂಬಬೇಕೋ? ಸಮುದ್ರ ಕಾನೂನಿನ ಮುಂದೆ ಇದ್ದ ಪ್ರಶ್ನೆ ಇಷ್ಟೇ. ಮಜಾ ಅಂದರೆ, ಸಮುದ್ರದಲ್ಲೂ ಪಹಣಿಯಂಥದ್ದೊಂದು ಇದೆ. ಆಧಾರ ರೇಖೆ ಅಂದರೆ ಆಯಾ ದೇಶ ಅಧಿಕೃತವಾಗಿ ಒಪ್ಪಿದ ದೊಡ್ಡ ಅಳತೆಯ ನಕ್ಷೆಯಲ್ಲಿ ಗುರುತು ಮಾಡಿದ ಗೆರೆ ಎಂದು ಒಪ್ಪಂದದ 5ನೇ ವಿಧಿ ಹೇಳುತ್ತದೆ. ಹಾಗಾದರೆ ದಡ ಸರಿದ ಮೇಲೂ ನಕ್ಷೆ ಬದಲಿಸದಿದ್ದರೆ?

ದ್ವೀಪದೇಶಗಳು ಹಿಡಿದದ್ದು ಇದೇ ಎಳೆಯನ್ನು. ಟುವಾಲು ಅಂತ ಒಂದು ದೇಶವಿದೆ. ನೆಲ 26 ಚದರ ಕಿಲೋಮೀಟರ್, ಜನ ಹನ್ನೊಂದು ಸಾವಿರದ ಆಸುಪಾಸು, ಸಮುದ್ರ ಏಳು ಲಕ್ಷ ಚದರ ಕಿಲೋಮೀಟರ್‌ಗೂ ಮೇಲೆ. ಆ ಸಮುದ್ರದಲ್ಲಿ ಟ್ಯೂನಾ ಮೀನು ಹಿಡಿಯಲು ಹೊರದೇಶದ ಹಡಗುಗಳು ಕೊಡುವ ಲೈಸೆನ್ಸ್ ಹಣದಿಂದಲೇ ಸರ್ಕಾರದ ದೊಡ್ಡ ಪಾಲು ನಡೆಯುತ್ತದೆ. ಅಲ್ಲಿನ ಮಂತ್ರಿ ಸೈಮನ್ ಕೋಫೆ 2021ರಲ್ಲಿ ಸೂಟು ಹಾಕಿಕೊಂಡು ಮೊಣಕಾಲು ಮಟ್ಟದ ಸಮುದ್ರದಲ್ಲಿ ನಿಂತು ಭಾಷಣ ಮಾಡಿದ ವಿಡಿಯೊ ನೀವೂ ನೋಡಿರಬಹುದು. ಅದೇ ವರ್ಷ ಪೆಸಿಫಿಕ್ ದ್ವೀಪದೇಶಗಳೆಲ್ಲ ಸೇರಿ, ಒಮ್ಮೆ ಘೋಷಿಸಿದ ನಮ್ಮ ಸಮುದ್ರ ವಲಯಗಳು ನೀರು ಏರಿದರೂ ಕುಗ್ಗುವುದಿಲ್ಲ ಎಂದು ಘೋಷಣೆ ಹೊರಡಿಸಿದವು. 2023ರಲ್ಲಿ ಟುವಾಲು ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದು, ನೆಲ ಹೋದರೂ ದೇಶ ಶಾಶ್ವತವಾಗಿ ಇರುತ್ತದೆ ಎಂದು ಬರೆದುಕೊಂಡಿತು. ಆಸ್ಟ್ರೇಲಿಯಾ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು, ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು.

ಈ ಬೇಡಿಕೆಗೆ ನ್ಯಾಯಾಲಯದ ಬೆಂಬಲ ಸಿಕ್ಕಿದ್ದು 2025ರ ಜುಲೈ 23ರಂದು. ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನ ಬದಲಾವಣೆ ಬಗ್ಗೆ ಕೊಟ್ಟ ಸಲಹಾ ಅಭಿಪ್ರಾಯದಲ್ಲಿ, ವಲಯಗಳನ್ನು ಸರಿಯಾಗಿ ಗುರುತಿಸಿಕೊಂಡ ದೇಶ ಸಮುದ್ರ ಏರಿತೆಂದು ನಕ್ಷೆ ಬದಲಿಸಬೇಕಾಗಿಲ್ಲ ಎಂದಿತು. ಒಮ್ಮೆ ದೇಶವಾಗಿದ್ದದ್ದು ನೆಲ ಕಳೆದುಕೊಂಡ ಮಾತ್ರಕ್ಕೆ ದೇಶವಲ್ಲ ಎಂದಾಗಬೇಕಿಲ್ಲ ಎಂದೂ ಸೂಚಿಸಿತು. ಅಂದರೆ ಪಹಣಿ ಗೆದ್ದಿತು, ಹೊಳೆ ಸೋತಿತು. ನನ್ನ ಕಣ್ಣಿಗೆ ಇದರಲ್ಲೊಂದು ನ್ಯಾಯ ಕಾಣುತ್ತದೆ. ಚೀನಾ ಮರಳು ಸುರಿದು ನೆಲ ಹೆಚ್ಚಿಸಿಕೊಂಡರೆ ಸಮುದ್ರ ಹೆಚ್ಚಾಗುವುದಿಲ್ಲ, ಟುವಾಲು ಬೇರೆಯವರ ಹೊಗೆಯಿಂದ ನೆಲ ಕಳೆದುಕೊಂಡರೆ ಸಮುದ್ರ ಕಡಿಮೆಯಾಗುವುದಿಲ್ಲ.

ಬೇರೆಯವರ ಹೊಗೆ ಅಂದೆನಲ್ಲ, ಆ ಕೇಸು ಹುಟ್ಟಿದ ಬಗೆ ಕೇಳಬೇಕು. 2019ರಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು, ಹವಾಮಾನದ ವಿಷಯವನ್ನು ಜಗತ್ತಿನ ಅತಿ ದೊಡ್ಡ ನ್ಯಾಯಾಲಯಕ್ಕೆ ಒಯ್ಯಬೇಕೆಂದು ಹೊರಟರು. ವನುವಾಟು ಎಂಬ ಪೆಸಿಫಿಕ್ ದ್ವೀಪದೇಶದ ಸರ್ಕಾರ ಕೈಜೋಡಿಸಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ವಿರೋಧವಿಲ್ಲದೆ ನಿರ್ಣಯ ಮಾಡಿ ಪ್ರಶ್ನೆಯನ್ನು ಹೇಗ್‌ಗೆ ಕಳಿಸಿತು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಾತ್ರ ಯಾರೂ ಆಕಳಿಸಲಿಲ್ಲ.

ಅದಕ್ಕೂ ಮೊದಲೇ, 2024ರ ಮೇ 21ರಂದು, ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನು ನ್ಯಾಯಮಂಡಳಿ ಇನ್ನೊಂದು ಬಾಗಿಲು ತೆರೆದಿತ್ತು. 1982ರ ಒಪ್ಪಂದದಲ್ಲಿ ಹವಾಮಾನ ಬದಲಾವಣೆಯ ಸೊಲ್ಲೇ ಇಲ್ಲ. ಆದರೆ ಸಮುದ್ರ ಮಾಲಿನ್ಯ ಎಂದರೇನು ಅಂತ ಹೇಳುವಾಗ, ಮನುಷ್ಯ ನೇರವಾಗಿಯೋ ಬಳಸುದಾರಿಯಲ್ಲೋ ಸಮುದ್ರಕ್ಕೆ ಸೇರಿಸುವ ಹಾನಿಕರ ವಸ್ತು ಅಥವಾ ಶಕ್ತಿ ಎಂದು ಬರೆದಿದ್ದಾರೆ. ಸಣ್ಣ ದ್ವೀಪದೇಶಗಳ ವಕೀಲರು ಇದನ್ನು ಹಿಡಿದರು. ನಾವು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರುತ್ತದೆ, ಅದರಿಂದ ನೀರು ಹುಳಿಯಾಗುತ್ತದೆ. ಅದು ವಸ್ತು. ಭೂಮಿಯಲ್ಲಿ ಸಿಕ್ಕಿಬಿದ್ದ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ ತೊಂಬತ್ತರಷ್ಟು ಸಮುದ್ರಕ್ಕೇ ಹೋಗುತ್ತದೆ. ಅದು ಶಕ್ತಿ. ಎರಡೂ ಕೂಡಿದರೆ ಮಾಲಿನ್ಯ ಆಗಲೇಬೇಕಲ್ಲ! ನ್ಯಾಯಮಂಡಳಿ ಒಪ್ಪಿತು. ಹಸಿರುಮನೆ ಅನಿಲಗಳೂ ಸಮುದ್ರ ಮಾಲಿನ್ಯವೇ, ಅವನ್ನು ತಡೆಯಲು ದೇಶಗಳು ಕೈಲಾದಷ್ಟೂ ಎಚ್ಚರ ವಹಿಸಲೇಬೇಕು, ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದ್ದೇವೆ ಅಂದರೆ ಸಾಲದು. ನಲವತ್ತು ವರ್ಷದ ಹಿಂದಿನ ಒಂದು ಸಾಲಿನಿಂದ ಇಷ್ಟು ದೂರ ಬಂದದ್ದು ನೋಡಿದರೆ ವಕೀಲಿಕೆ ಅಂದರೆ ಇದಪ್ಪಾ ಅನ್ನಿಸುತ್ತದೆ. ಹೇಗ್ ನ್ಯಾಯಾಲಯ ಮರುವರ್ಷ ಇದನ್ನೇ ಇನ್ನಷ್ಟು ಬಿಗಿ ಮಾಡಿತು: ತಾಪಮಾನದ ಏರಿಕೆ 1.5 ಡಿಗ್ರಿ ಮೀರಬಾರದು ಅನ್ನೋದೇ ಮುಖ್ಯ ಗುರಿ, ಕಲ್ಲಿದ್ದಲು, ತೈಲಕ್ಕೆ ಲೈಸೆನ್ಸ್, ಸಬ್ಸಿಡಿ ಕೊಡುವುದೂ ಕಾನೂನು ಮೀರಿದ ಕೆಲಸ ಆಗಬಹುದು, ಹಾನಿಗೆ ನೇರ ಸಂಬಂಧ ತೋರಿಸಲು ಆದರೆ ಪರಿಹಾರವನ್ನೂ ಕೇಳಬಹುದು.

ಭಾರತ ಎಲ್ಲಿ ನಿಂತಿತು? 2024ರ ಡಿಸೆಂಬರ್ ವಿಚಾರಣೆಯಲ್ಲಿ ನಮ್ಮ ಪ್ರತಿನಿಧಿ ವಾದಿಸಿದ್ದು, ಜಾಸ್ತಿ ಹೊಗೆ ಬಿಟ್ಟ ಶ್ರೀಮಂತ ದೇಶಗಳೇ ಜಾಸ್ತಿ ಹೊಣೆ ಹೊರಲಿ, ಈಗಿರುವ ಹವಾಮಾನ ಒಪ್ಪಂದಗಳ ಆಚೆ ಹೊಸ ಕಟ್ಟುಪಾಡು ಹೇರಬೇಡಿ ಎಂದು. ಮೊದಲ ಅರ್ಧ ಸರಿಯೇ ಇದೆ. ಚಿತ್ರದುರ್ಗದ ಒಬ್ಬ ಹುಡುಗ ಅದನ್ನೇ ತನ್ನ ಮಾತಲ್ಲಿ ಹೇಳಿದ: "ದುರ್ಗದ ಗುಡ್ಡದ ತುಂಬಾ ಫ್ಯಾನ್ ನಿಲ್ಲಿಸಿದ್ದೀವಿ, ಪಾವಗಡದಲ್ಲಿ ಸೋಲಾರ್ ಹಾಸಿದ್ದೀವಿ, ಇನ್ನೇನು ಮಾಡಬೇಕಂತೆ?" ಎರಡನೇ ಅರ್ಧದ ಬಗ್ಗೆ ನನಗೆ ಅನುಮಾನ. ಲಕ್ಷದ್ವೀಪದ ಬಂಗಾರಂ ಹವಳದಿಬ್ಬದಲ್ಲಿದ್ದ ಪರಳಿ-1 ಅನ್ನೋ ಪುಟ್ಟ ದ್ವೀಪ ಪೂರ್ತಿ ಕೊಚ್ಚಿಹೋಗಿದೆ ಎಂದು 2017ರಲ್ಲೇ ಸುದ್ದಿಯಾಗಿತ್ತು. ಮುಳುಗುವವರ ಸಾಲಿನಲ್ಲಿ ನಾವೂ ಇದ್ದೇವೆ, ಹೊಗೆ ಬಿಡುವವರ ಸಾಲಿನಲ್ಲೂ ಇದ್ದೇವೆ. ನ್ಯಾಯಾಲಯ ಮಾತ್ರ ಆ ವಾದ ಒಪ್ಪಲಿಲ್ಲ. ಹವಾಮಾನ ಒಪ್ಪಂದಗಳ ಜೊತೆಗೆ ಉಳಿದ ಅಂತರರಾಷ್ಟ್ರೀಯ ಕಾನೂನೂ ಅನ್ವಯಿಸುತ್ತದೆ ಎಂದಿತು. ಆದರೆ ಯಾರಿಗೆ ಎಷ್ಟು ಶಕ್ತಿ ಇದೆಯೋ ಅದಕ್ಕೆ ತಕ್ಕ ಹೊಣೆ ಅನ್ನೋದನ್ನು ಉಳಿಸಿಕೊಂಡಿತು.

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲರೂ ಕೇಳುವುದು ಒಂದೇ: ಪೊಲೀಸರೇ ಇಲ್ಲದ ಕೋರ್ಟಿನ ಮಾತು ಯಾರು ಕೇಳುತ್ತಾರೆ? ಚೀನಾ ಕೇಳಲಿಲ್ಲ, ನಿಜ. ಆದರೆ ನಾವು ಕೇಳಿದ್ದೇವೆ. 1970ರ ಭೋಲಾ ಚಂಡಮಾರುತದ ನಂತರ ಗಂಗೆಯ ಮುಖಜ ಭೂಮಿಯ ಹತ್ತಿರ ಒಂದು ಮರಳು ದಿಬ್ಬ ಎದ್ದಿತು. ನಾವು ನ್ಯೂ ಮೂರ್ ಎಂದೆವು, ಬಾಂಗ್ಲಾದವರು ದಕ್ಷಿಣ ತಾಲ್ಪಟ್ಟಿ ಎಂದರು. ಮೂವತ್ತು ವರ್ಷ ಕಿತ್ತಾಟ. 2010ರ ಹೊತ್ತಿಗೆ ಅದು ನೀರಿನಲ್ಲಿ ಮುಳುಗಿಯೇ ಹೋಯಿತು. ಗಡಿ ವಿವಾದ ಮಾತ್ರ ಮುಳುಗಲಿಲ್ಲ, ಮಧ್ಯಸ್ಥಿಕೆಗೆ ಹೋಯಿತು. 2014ರ ಜುಲೈ 7ರ ತೀರ್ಪಿನಲ್ಲಿ ತಕರಾರಿನ 25,602 ಚದರ ಕಿಲೋಮೀಟರ್ ಸಮುದ್ರದಲ್ಲಿ 19,467 ಬಾಂಗ್ಲಾದೇಶಕ್ಕೆ ಸಿಕ್ಕಿತು. ಭಾರತ ಗೊಣಗದೆ ಒಪ್ಪಿತು. ತನ್ನ ದಡ ಹವಾಮಾನ ಬದಲಾವಣೆಯಿಂದ ಅಲುಗಾಡುತ್ತಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಬಾಂಗ್ಲಾ ಕೇಳಿದಾಗ, ಗಡಿ ಹಾಕುವ ದಿನ ದಡ ಹೇಗಿದೆಯೋ ಅದೇ ಲೆಕ್ಕ, ಹವಾಮಾನದ ಹೆಸರಲ್ಲಿ ಜಗತ್ತಿನ ಇತ್ಯರ್ಥವಾದ ಗಡಿಗಳೆಲ್ಲ ಅಲುಗಾಡಬಾರದು ಎಂದಿತ್ತು ಅದೇ ತೀರ್ಪು. ಹೇಗ್‌ನ 2025ರ ಮಾತಿಗೆ ಬೇರು ಇಂಥ ಕಡೆಯೆಲ್ಲ ಇದೆ.

ಆ ಸೋಲಿನಿಂದ ಭಾರತಕ್ಕೆ ಲಾಭವೂ ಆಗಿದೆ. 2023ರಲ್ಲಿ ಫಿಲಿಪ್ಪೀನ್ಸ್ ಜೊತೆಗಿನ ಜಂಟಿ ಹೇಳಿಕೆಯಲ್ಲಿ, 2016ರ ತೀರ್ಪನ್ನು ಪಾಲಿಸಬೇಕು ಎಂದು ದೆಹಲಿ ಹೇಳಿತು. ತಾನೇ ಸೋತು ಒಪ್ಪಿದವನ ಬಾಯಲ್ಲಿ ಈ ಮಾತಿಗೆ ತೂಕ ಬರುತ್ತದೆ. ಬರೀ ಸಲಹೆ ಅನ್ನಿಸಿಕೊಂಡ ಅಭಿಪ್ರಾಯವೂ ನಿಧಾನಕ್ಕೆ ಕೆಲಸ ಮಾಡುತ್ತದೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಬ್ರಿಟನ್ 1965ರಲ್ಲಿ ಮಾರಿಷಸ್‌ನಿಂದ ಕತ್ತರಿಸಿ ಇಟ್ಟುಕೊಂಡಿತ್ತು. ಅದು ತಪ್ಪು ಎಂದು 2019ರಲ್ಲಿ ಹೇಗ್ ಹೇಳಿದಾಗ ಬ್ರಿಟನ್, ಬರೀ ಸಲಹೆ ತಾನೇ ಎಂದು ತಳ್ಳಿಹಾಕಿತು. 2021ರಲ್ಲಿ ಸಮುದ್ರ ಕಾನೂನು ನ್ಯಾಯಮಂಡಳಿಯ ವಿಶೇಷ ಪೀಠ, ಮಾರಿಷಸ್ ಮತ್ತು ಮಾಲ್ದೀವ್ಸ್ ಗಡಿ ಕೇಸಿನಲ್ಲಿ ಆ ಸಲಹೆಯನ್ನೇ ಆಧಾರ ಮಾಡಿಕೊಂಡಿತು. 2025ರ ಮೇ 22ರಂದು ಬ್ರಿಟನ್ ದ್ವೀಪಗಳನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು, ಅವುಗಳಲ್ಲೊಂದಾದ ಡಿಯಾಗೊ ಗಾರ್ಸಿಯಾದ ಸೇನಾ ನೆಲೆಯನ್ನು 99 ವರ್ಷ ಗುತ್ತಿಗೆಗೆ ಇಟ್ಟುಕೊಳ್ಳುವ ಷರತ್ತಿನ ಮೇಲೆ.

ಇನ್ನೊಂದು ತೊಡಕು ಉಳಿಯಿತು, ಅದು ನಮ್ಮದೇ. ನಕ್ಷೆ ಬದಲಿಸಬೇಕಿಲ್ಲ ಅನ್ನೋ ರಕ್ಷಣೆ ಸಿಗುವುದು ಈಗಾಗಲೇ ಎಳೆದ ಗೆರೆಗೆ. ಗೆರೆಯನ್ನೇ ಎಳೆಯದ ಕಡೆ? ಗುಜರಾತಿನ ಕಛ್‌ನಲ್ಲಿ, ಪಾಕಿಸ್ತಾನದ ಗಡಿಯಲ್ಲಿರುವ ಸರ್ ಕ್ರೀಕ್ ಹಾಗಿದೆ. 96 ಕಿಲೋಮೀಟರ್ ಉದ್ದದ ಕೆಸರು ಹಿನ್ನೀರು. 1914ರಲ್ಲಿ ಕಛ್ ಸಂಸ್ಥಾನಕ್ಕೂ ಸಿಂಧ್‌ಗೂ ತಕರಾರಾದಾಗ ಬಾಂಬೆ ಸರ್ಕಾರ ಮಾಡಿದ ನಿರ್ಣಯವನ್ನು ಇಬ್ಬರೂ ತಮಗೆ ಬೇಕಾದಂತೆ ಓದುತ್ತಾರೆ. ಆ ನಿರ್ಣಯದ ನಕ್ಷೆಯ ಹಸಿರು ಗೆರೆಯಂತೆ ಪೂರ್ವ ದಂಡೆಯೇ ಗಡಿ ಅನ್ನುತ್ತದೆ ಪಾಕಿಸ್ತಾನ. 1925ರ ನಕ್ಷೆ, ಆಗ ನೆಟ್ಟ ಕಂಬ ತೋರಿಸಿ ನಡು ಹರಿವೇ ಗಡಿ ಅನ್ನುತ್ತದೆ ಭಾರತ. ಕ್ರೀಕ್‌ನ ಬಾಯಿ ಯಾರದ್ದು ಅಂತ ಗೊತ್ತಾಗದೆ ಅರಬ್ಬಿ ಸಮುದ್ರದೊಳಗೆ ಎರಡು ದೇಶಗಳ ಗಡಿ ಎಳೆಯಲು ಬರುವುದಿಲ್ಲ, ಮೂರನೆಯವರ ಹತ್ತಿರ ಹೋಗಲು ಭಾರತ, ತಕರಾರು ಇಬ್ಬರ ನಡುವೆಯೇ ಬಗೆಹರಿಯಬೇಕು ಎನ್ನುವ 1972ರ ಸಿಮ್ಲಾ ಒಪ್ಪಂದ ತೋರಿಸಿ ಒಲ್ಲೆ ಅನ್ನುತ್ತದೆ. ಆ ಕೆಸರು ದಡ ನೀರು ಏರಿದಂತೆ ಬೇರೆ ಕಡೆಗಿಂತ ಬೇಗ ಆಕಾರ ಬದಲಿಸುತ್ತದೆ. ತಡ ಮಾಡಿದಷ್ಟೂ, ಗಡಿ ಹಾಕುವ ದಿನ ಅಳೆಯಲು ಸಿಗುವ ದಡ ಬೇರೆಯದ್ದೇ ಆಗಿರುತ್ತದೆ. ಅಲ್ಲಿಯವರೆಗೆ ಗುಜರಾತ್ ಮತ್ತು ಸಿಂಧ್‌ನ ಮೀನುಗಾರರು ನೀರಿನಲ್ಲಿ ಕಾಣದ ಗೆರೆ ದಾಟಿ ಸಿಕ್ಕಿಬೀಳುತ್ತಲೇ ಇರುತ್ತಾರೆ. 2008ರ ಒಪ್ಪಂದದಂತೆ ಪ್ರತಿ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ತಮ್ಮ ಜೈಲಿನಲ್ಲಿರುವ ಎದುರು ದೇಶದ ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ, ಅದರಲ್ಲಿ ಮೀನುಗಾರರ ಹೆಸರುಗಳಿಗೇ ಬೇರೆ ಪಟ್ಟಿ ಇದೆ.